ಮುನ್ಶಿ ಕೂಡಿಸಿದ ಎರಡು ವರ್ಷ

ಮುನ್ಶಿ ಹೋದ ಸುದ್ದಿ ನನಗೆ ಸಿಕ್ಕಿದ್ದು ವಿಡಿಯೋ ಕಾನ್ಫರೆನ್ಸ್ ನಡೆದಿದ್ದಾಗ. ಪಿಂಚಣಿದಾರರ ಮರುಪರಿಶೀಲನೆಯಲ್ಲಿ ಯಾವ ತಾಲೂಕು ಎಷ್ಟು ಪ್ರಗತಿ ಸಾಧಿಸಿದೆ ಎಂದು ಮೇಲಿನವರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ಪ್ರಗತಿ ಅಂದರೆ ಎಷ್ಟು ಹೆಸರು ತೆಗೆದಿರಿ ಎಂದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕೇಳುವವರಿಗೂ ಉತ್ತರ ಕೊಡುವವರಿಗೂ ಗೊತ್ತು. ಮೇಜಿನ ಕೆಳಗೆ ಫೋನು ನೋಡಿದೆ. ನನ್ನ ಹಳೆಯ ಕಚೇರಿಯ ಜವಾನ ಕಳಿಸಿದ್ದ: ‘ಮೇಡಂ, ಮುನ್ಶಿ ತೀರಿಕೊಂಡ್ರು. ಮಧ್ಯಾಹ್ನ ನಮಾಜ್ ಆದಮ್ಯಾಲ ಮಣ್ಣು.’ ಅಷ್ಟರಲ್ಲಿ ನಮ್ಮ ಸರದಿ ಬಂತು. ಎದ್ದು ನಿಂತು ಬರೆದುಕೊಂಡದ್ದನ್ನು ಓದಿದೆ. ಮಣ್ಣಿಗೆ ಹೋಗಲಾಗಲಿಲ್ಲ.

ಕಡಗಂಚಿಯಲ್ಲಿ ವಿಶ್ವವಿದ್ಯಾಲಯದ ಹುಡುಗರು ಇಳಿದ ಮೇಲಷ್ಟೇ ಸೀಟು ಸಿಗುವ ಆಳಂದದ ಬಸ್ಸು, ಲಾರಿಗಳ ಹಿಂದೆ ತೆವಳುವ ಜೇವರ್ಗಿಯ ಬಸ್ಸು, ಯಾವಾಗ ಬರುತ್ತದೆಂದು ಕಂಡಕ್ಟರನಿಗೂ ಗೊತ್ತಿರದ ಅಫಜಲಪುರದ ಬಸ್ಸು, ಮೂರರಲ್ಲೂ ತಹಶೀಲ್ದಾರ್ ಕಚೇರಿಯ ಪಿಂಚಣಿ ಗುಮಾಸ್ತೆಯಾಗಿ ಡ್ಯೂಟಿಗೆ ಓಡಾಡಿದವಳು ನಾನು. ಮುನ್ಶಿ ಕೂತಿರುತ್ತಿದ್ದದ್ದು ಯಾವ ಊರಿನ ಕಚೇರಿಯ ಎದುರಿಗೆ ಎಂದು ಹೇಳುವುದಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಆ ಹೆಸರು ನನಗೆ ಗೊತ್ತಾದದ್ದು ಒಂದೇ ಒಂದು ಕಾಗದದ ಕೆಳಗಿನ ಸಹಿಯಿಂದ, ಆ ಕಾಗದ ಮಾಡಿದ ಹಾನಿಯೇ ಸಾಕು.

ಅವರ ಅಜ್ಜ ನಿಜಾಮರ ಕಾಲದಲ್ಲಿ ಯಾವುದೋ ಜಾಗೀರಿನಲ್ಲಿ ಉರ್ದು ಬರೆಯುತ್ತಿದ್ದರಂತೆ. ಅಪ್ಪ ಉರ್ದು, ಕನ್ನಡ ಎರಡೂ ಬರೆದರು. ಇವರು ಕನ್ನಡವೊಂದನ್ನೇ ಬರೆದರು. ಮೂವರನ್ನೂ ಜನ ಮುನ್ಶಿ ಎಂದೇ ಕರೆದರು. ಕಂಪೌಂಡು ಗೋಡೆಗೆ ಹೊಂದಿಕೊಂಡು, ಝೆರಾಕ್ಸ್ ಅಂಗಡಿಗೂ ಚಹಾದ ಗಾಡಿಗೂ ನಡುವೆ, ಒಂದು ತಗಡಿನ ಕೆಳಗೆ ಅವರ ಜಾಗ. ತೊಡೆಯ ಮೇಲೊಂದು ಹಲಗೆ. ಬಾಲ್‌ಪೆನ್ನು ಬರೆಯದೆ ಮುಷ್ಕರ ಹೂಡಿದರೆ ರಿಫಿಲ್ಲನ್ನು ತೆಗೆದು ಎರಡು ಅಂಗೈ ನಡುವೆ ಇಟ್ಟು ಉಜ್ಜುತ್ತಿದ್ದರು. ಬರೆಯುವ ಮೊದಲು ಹಾಳೆಯನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಮೂರು ಸಲ ಮಡಚಿ ಬಿಚ್ಚುತ್ತಿದ್ದರು. ಆ ಮಡಿಕೆಗಳೇ ಅವರಿಗೆ ಗೆರೆ, ಅಂಚು ಎಲ್ಲ. ಎಷ್ಟು ವರ್ಷದ ಹಳೆಯ ಫೈಲಾದರೂ ಸರಿ, ಆ ಮಡಿಕೆ ಕಂಡರೆ ಅರ್ಜಿ ಮುನ್ಶಿಯದು ಎಂದು ಓದದೆಯೇ ಹೇಳುತ್ತಿದ್ದೆ. ಕಚೇರಿಯಲ್ಲಿ ಉಳಿದವರಿಗೆ ಅದು ತಿಳಿಯುತ್ತಿರಲಿಲ್ಲ. ನನಗೆ ಅದೊಂದು ಜಂಬ, ಒಮ್ಮೆ ಮುನ್ಶಿಯ ಮುಂದೆಯೂ ಹೇಳಿಕೊಂಡಿದ್ದೆ.

ಬರೆದಾದ ಮೇಲೆ ಅರ್ಜಿಯನ್ನು ಅರ್ಜಿದಾರರಿಗೆ ಓದಿ ಹೇಳುವುದು ಅವರ ಪದ್ಧತಿ. ‘ನಾನು ಕಡುಬಡವಳಿದ್ದು, ನನಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ. ಕೂಲಿ ಮಾಡಲು ಕೈಕಾಲಿನಲ್ಲಿ ಶಕ್ತಿ ಇರುವುದಿಲ್ಲ’ ಎಂದು ತಮ್ಮದೇ ಬಾಳು ಸರ್ಕಾರಿ ಕನ್ನಡದಲ್ಲಿ ಕಿವಿಗೆ ಬಿದ್ದಾಗ ಮುದುಕಿಯರು ಅಲ್ಲೇ ಅಳುತ್ತಿದ್ದರು. ಮುನ್ಶಿ ಪೆನ್ನಿಗೆ ಮುಚ್ಚಳ ಹಾಕುತ್ತ, “ಇಲ್ಲಿ ಅಳಬ್ಯಾಡಬೇ ಯವ್ವಾ. ಒಳಗ ಹೋಗಿ ಮೇಡಂ ಮುಂದ ಅಳು. ನನ್ನ ಮುಂದ ಅತ್ರ ಏನ್ ಬರ್ತದ” ಅನ್ನುತ್ತಿದ್ದರು. ಹೀಗೆ ಅವರು ಕಳಿಸಿದ ಅಳುವೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ಒಮ್ಮೆ ರೇಗಿ ಹೊರಗೆ ಬಂದು, “ಮುನ್ಶೀ, ಅಳೋರ್ನ ನನ್ನ ಕಡಿ ಯಾಕ್ ಕಳಸ್ತೀರಿ?” ಎಂದು ಕೇಳಿದೆ. “ನೀವು ಸಿಟ್ಟಿನೋರು ಅದೀರಿ ಬೇಟಿ. ಸಿಟ್ಟಿನೋರು ಕೆಲಸ ಮಾಡ್ತಾರ” ಎಂದರು. ಇಂಥ ಮಾತಾಡಿ ನನ್ನ ಕೈಯಿಂದ ಎಷ್ಟು ಫೈಲು ಸಹಿಗೆ ಹೋಗುವಂತೆ ಮಾಡಿದರೋ ಗೊತ್ತಿಲ್ಲ.

ಅರ್ಜಿಯಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ವಯಸ್ಸಿನದು. ಅರವತ್ತು ತುಂಬಿದವರಿಗೆ ವೃದ್ಧಾಪ್ಯ ವೇತನ. ಜನ ಅದನ್ನು ಪಗಾರ ಅನ್ನುತ್ತಾರೆ. ಆದರೆ ತುಂಬಿದ್ದು ಯಾರಿಗೆ ಗೊತ್ತು? ನಾನು ಗೊಬ್ಬೂರಿನ ಕೂಲಿಯವರ ಮನೆಯವಳು. ನನ್ನ ಹುಟ್ಟಿದ ದಿನ ಜೂನ್ ಒಂದು, ಅದು ಶಾಲೆಯ ಮಾಸ್ತರರು ಕೊಟ್ಟದ್ದು. ನಮ್ಮ ಕಚೇರಿಯಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ನಮಗೆ ಆ ದಿನಾಂಕದಿಂದ ನೌಕರಿ ಬಂತು, ಯಾರೂ ತಿರುಗಿ ಕೇಳಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವರಿಗೆ ಆ ದಾನವೂ ಸಿಗಲಿಲ್ಲ. ಅವರಿಗೆ ಮುನ್ಶಿಯೇ ಮಾಸ್ತರ.

ಅವರು ವಯಸ್ಸು ಕೇಳುತ್ತಿರಲಿಲ್ಲ. “ದೊಡ್ಡ ಬರದಾಗ ಕಲ್ಲು ಒಡ್ಯಾಕ ಹೋಗಿದ್ದೇನಬೇ?” ಎಂದು ಶುರು ಮಾಡುತ್ತಿದ್ದರು. ದೊಡ್ಡ ಬರ ಅಂದರೆ ಎಪ್ಪತ್ತೆರಡರದು, ಸರ್ಕಾರ ಕಲ್ಲು ಒಡೆಸಿ ಕೂಲಿ ಕೊಟ್ಟದ್ದು. ಹೋಗಿದ್ದೆ ಅಂದರೆ, “ಆವಾಗ ಕೂಸು ಬಗಲಾಗಿತ್ತೋ, ಕೈ ಹಿಡಿದು ನಡೀತಿತ್ತೋ?” ಬಗಲಲ್ಲಿ ಒಂದು, ಕೈಯಲ್ಲಿ ಒಂದು ಇದ್ದರೆ ಇಷ್ಟು. ಇನ್ನೂ ಲಗ್ನವೇ ಆಗಿರಲಿಲ್ಲ ಅಂದರೆ ಇಷ್ಟು. ಹೀಗೆ ಬೆರಳು ಮಡಚಿ ಒಂದು ವಯಸ್ಸಿಗೆ ಬರುತ್ತಿದ್ದರು. ಬಂದ ಮೇಲೆ ಅದಕ್ಕೆ ಎರಡು ವರ್ಷ ಕೂಡಿಸುತ್ತಿದ್ದರು. ಯಾಕೆಂದು ನಾನು ಕೇಳಿದ್ದೆ.

“ನೆರಳಾಗ ಕುಂತವ್ರದು, ಬಿಸಲಾಗ ದುಡದವ್ರದು ಒಂದೇ ವಯಸ್ಸು ಹೆಂಗಾಗ್ತದ್ರಿ ಬೇಟಿ? ಬಿಸಲಿಂದು ಎರಡು ವರ್ಷ ಹಿಡೀಬೇಕು.”

ಇದು ಸುಳ್ಳೇ. ನನಗೂ ಗೊತ್ತಿತ್ತು, ವಯಸ್ಸಿನ ದಾಖಲೆಗೆ ಸಹಿ ಹಾಕುವ ಡಾಕ್ಟರಿಗೂ ಗೊತ್ತಿತ್ತು. ಮುಖ ನೋಡಿದರೆ ಆ ಎರಡು ವರ್ಷ ಕಡಿಮೆಯೇ ಅನಿಸುತ್ತಿತ್ತು, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ.

ನೀಲಮ್ಮನ ಅರ್ಜಿಯನ್ನೂ ಹೀಗೇ ಬರೆದರು. ನಾನು ನೌಕರಿಗೆ ಸೇರಿದ ಹೊಸತು. ನೀಲಮ್ಮನ ಗಂಡ ಪುಣೆಗೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಕಾಗದವಿಲ್ಲದ್ದರಿಂದ ಆಕೆ ವಿಧವೆಯಲ್ಲ, ಬಿಟ್ಟನೆಂಬ ಕಾಗದವಿಲ್ಲದ್ದರಿಂದ ಪರಿತ್ಯಕ್ತೆಯೂ ಅಲ್ಲ. ಉಳಿದದ್ದು ಮುದುಕಿಯಾಗುವ ದಾರಿಯೊಂದೇ. ಬರಗಾಲದಲ್ಲಿ ಕೂಸು ಬಗಲಲ್ಲಿತ್ತು. ಮುನ್ಶಿಯ ಲೆಕ್ಕಕ್ಕೆ ಅರವತ್ತಕ್ಕೆ ತುಸು ಕಡಿಮೆ ಬಂತು, ಬಿಸಿಲಿನದು ಕೂಡಿಸಿದಾಗ ದಾಟಿತು. ಪಗಾರ ಮಂಜೂರಾಯಿತು. ಆಕೆ ಒಂದು ಸೆರಗು ಹಸಿ ಕಡಲೆ ತಂದು ಮುನ್ಶಿಯ ಹಲಗೆಯ ಮೇಲೆ ಸುರಿದಳು. ಅವರು ಅರ್ಧ ನನಗೆ ಕಳಿಸಿದರು.

ಆಮೇಲೆ ಆಧಾರ್ ಬಂತು. ಊರೂರಿನ ಶಾಲೆಯಲ್ಲಿ ಕ್ಯಾಮರಾ ಇಟ್ಟುಕೊಂಡು ಕೂತವರು ವಯಸ್ಸು ಕೇಳಿದರು. ಅದೇ ದಿನಗಳಲ್ಲಿ ಒಂದು ಮಾತು ಹಬ್ಬಿತ್ತು: ವಯಸ್ಸು ಹೆಚ್ಚಿಗೆ ಹೇಳಿದರೆ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೊಡುವುದಿಲ್ಲ ಎಂದು. ಯಾರು ಹಬ್ಬಿಸಿದರೋ. ಹೆಂಗಸರೆಲ್ಲ ವಯಸ್ಸು ಇಳಿಸಿ ಹೇಳಿದರು. ನೀಲಮ್ಮ ಹೆಚ್ಚು ಇಳಿಸಿದಳು, ಆಕೆಗೆ ಕೆಲಸ ಹೆಚ್ಚು ಬೇಕಿತ್ತು. ಪಗಾರಕ್ಕೆ ಮುದುಕಿ, ಮಣ್ಣು ಹೊರಲು ನಡುವಯಸ್ಸಿನವಳು. ಎರಡೂ ಇಲ್ಲದೆ ಆಕೆಯ ಹೊಟ್ಟೆ ತುಂಬುತ್ತಿರಲಿಲ್ಲ. ಎರಡು ಕಾಗದಗಳು ಎರಡು ಕಪಾಟಿನಲ್ಲಿ ಇರುವವರೆಗೆ ಏನೂ ಆಗಲಿಲ್ಲ.

ಸುಧಾರಣೆ ಅಂದರೆ ಆ ಕಪಾಟುಗಳನ್ನು ಒಂದು ಮಾಡಿದ್ದು. ಅನರ್ಹರನ್ನು ತೆಗೆದು ಅರ್ಹರಿಗೆ ಮುಟ್ಟಿಸುವುದು ಉದ್ದೇಶ ಎಂದು ಸುತ್ತೋಲೆಯಲ್ಲಿತ್ತು. ಉದ್ದೇಶ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸತ್ತವರ ಪಗಾರ ತಿನ್ನುವವರನ್ನೂ ನಾನು ಕಂಡಿದ್ದೇನೆ. ಆದರೆ ಕಂಪ್ಯೂಟರಿನಿಂದ ಮೊದಲು ಬಂದ ಪಟ್ಟಿಯಲ್ಲಿ ಅಂಥವರು ಯಾರೂ ಇರಲಿಲ್ಲ, ನೀಲಮ್ಮ ಇದ್ದಳು. ಅರ್ಜಿಯ ಪ್ರಕಾರ ಎಪ್ಪತ್ತು ದಾಟಿದವಳು, ಕಾರ್ಡಿನ ಪ್ರಕಾರ ಐವತ್ತೇಳು. ಪಗಾರ ನಿಂತಿತು.

ಆಕೆ ಕಿಟಕಿಗೆ ಬಂದಾಗ ಕಾರ್ಡು ತಿದ್ದಿಸಿಕೊಂಡು ಬಾ ಎಂದೆ. ತಿದ್ದುವವರು ಹುಟ್ಟಿದ ಪ್ರಮಾಣಪತ್ರ ತಾ ಎಂದರು. ಅದನ್ನು ಕೊಡುವವರು ಹುಟ್ಟು ದಾಖಲಾಗಿಲ್ಲ, ಕೋರ್ಟಿಗೆ ಹೋಗು ಎಂದರು. ನಾಲ್ಕು ತಿಂಗಳು ತಿರುಗಿ ಮತ್ತೆ ನನ್ನ ಕಿಟಕಿಗೇ ಬಂದಳು. ಬೆನ್ನು ಬಾಗಿ, ಕಿಟಕಿಯ ಕಟ್ಟೆಗೆ ಗದ್ದ ತಾಗುತ್ತಿತ್ತು. “ನನ್ನ ಮಾರಿ ನೋಡಿ ಹೇಳ್ರಿ ಮೇಡಂ, ನನಗೆಷ್ಟು?” ಎಂದು ಕೇಳಿದಳು. ಕಾರ್ಡು ನೋಡಬೇಕಾಗ್ತದಬೇ ಯವ್ವಾ, ಎಂದೆ.

ಮಾರನೆಯ ದಿನ ಮುನ್ಶಿ ಒಳಗೆ ಬಂದರು. ಅವರು ಎಂದೂ ಒಳಗೆ ಬಂದವರಲ್ಲ. ಒಗೆದ ಜುಬ್ಬಾ ಹಾಕಿದ್ದರು. ಕೈಯಲ್ಲಿ ಉದ್ದಕ್ಕೆ ಒಂದು, ಅಡ್ಡಕ್ಕೆ ಮೂರು ಮಡಿಕೆಯ ಹಾಳೆ.

“ಟಪಾಲಿಗಿ ಹಾಕ್ರಿ ಬೇಟಿ.”

ಓದಿದೆ. ತಹಶೀಲ್ದಾರರಿಗೆ ಬರೆದದ್ದು. ‘ಸದರಿ ನೀಲಮ್ಮಳ ವಯಸ್ಸನ್ನು ಆ ಕಾಲಕ್ಕೆ ನಾನೇ ಎರಡು ವರ್ಷ ಕೂಡಿಸಿ ಬರೆದಿದ್ದು ನಿಜವಿರುತ್ತದೆ. ಎಲ್ಲರಿಗೂ ಹಾಗೇ ಕೂಡಿಸುತ್ತ ಬಂದಿರುತ್ತೇನೆ. ತಪ್ಪು ನನ್ನದಿದ್ದು, ಅವರದಲ್ಲ. ಆ ಎರಡು ವರ್ಷ ತೀರಿ ಬಹಳ ವರ್ಷಗಳಾಗಿವೆ. ಈಗ ಯಾವ ಲೆಕ್ಕದಿಂದ ನೋಡಿದರೂ ಆಕೆ ಮುದುಕಿ. ಕಾರಣ ಶಿಕ್ಷೆ ನನಗೆ ಕೊಟ್ಟು, ಪಗಾರ ಆಕೆಗೆ ಕೊಡಬೇಕೆಂದು ವಿನಂತಿ.’ ಕೆಳಗೆ ಅವರ ಪೂರ್ತಿ ಹೆಸರು, ತಂದೆಯ ಹೆಸರು, ಸಹಿ.

“ಮುನ್ಶೀ, ಇದನ್ನ ಮನಿಗಿ ಒಯ್ದು ಒಲಿಗಿ ಹಾಕ್ರಿ” ಎಂದೆ. “ಎಲ್ಲರಿಗೂ ಕೂಡಿಸೇನಿ ಅಂತ ಯಾಕ್ ಬರೆದ್ರಿ?”

“ಒಬ್ಬಾಕಿಗೇ ಮಾಡೇನಿ ಅಂದ್ರ ಆಕಿ ಮ್ಯಾಲ ಅನುಮಾನ ಬರ್ತದ. ಎಲ್ಲರಿಗೂ ಅಂದ್ರ ನನ್ನ ಮ್ಯಾಲೇ ಬರ್ತದಲ್ರಿ.”

“ಹಂಗ ಆಗಂಗಿಲ್ರಿ.”

“ಇಷ್ಟು ವರ್ಷ ಮಂದಿದು ಬರ್ದೇನಿ. ನಂದು ಇದೊಂದೇ ಅರ್ಜಿ. ಸಿಕ್ಕಾ ಹೊಡೀರಿ.”

ಕಿಟಕಿಗೆ ಬಂದ ಕಾಗದವನ್ನು ಬೇಡ ಅನ್ನುವ ಅಧಿಕಾರ ನಮಗಿಲ್ಲ. ಇದು ನಿಯಮ. ಆದರೆ ನಿಯಮದ ಪ್ರಕಾರ ನಾವು ಎಷ್ಟು ನಡೆಯುತ್ತೇವೆಂದು ನನಗೆ ಗೊತ್ತಿಲ್ಲವೇ? ಮೇಜಿನ ಖಾನೆಯಲ್ಲಿ ಹಾಕಿ ಮರೆತುಬಿಡಬಹುದಿತ್ತು. ಎಷ್ಟೋ ನ್ಯಾಯವಾದ ಅರ್ಜಿಗಳನ್ನು ಮರೆತಿದ್ದೇವೆ. ಅವತ್ತು ಕಿಟಕಿಯಲ್ಲಿ ಗದ್ದಲವಿತ್ತು, ನನಗೆ ಸಿಟ್ಟು ಬಂದಿತ್ತು, ಹಾಳಾಗಿ ಹೋಗಲಿ ಅನಿಸಿತು. ಒಳಗೊಳಗೆ, ಒಂದು ವೇಳೆ ಈ ಮುದುಕನ ಮಾತು ಸಾಹೇಬರಿಗೆ ನಾಟಿದರೂ ನಾಟೀತು ಎಂಬ ಆಸೆಯೂ ಇತ್ತು. ಸಿಕ್ಕಾ, ಅಂದರೆ ಟಪಾಲಿನ ಮೊಹರು, ಹೊಡೆದೆ. ಅವರು ಸ್ವೀಕೃತಿ ಕೇಳಿ ಪಡೆದು, ಎರಡು ಸಲ ಓದಿ, ಕಿಸೆಯಲ್ಲಿಟ್ಟುಕೊಂಡರು.

ನಮ್ಮ ಸಾಹೇಬರು ಕೆಟ್ಟವರಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಾಗದ ಓದಿ ಮೇಜಿನ ಮೇಲೆ ಬೋರಲು ಇಟ್ಟರು. ವಾರಕ್ಕೊಮ್ಮೆ ಅವರೂ ಎದ್ದು ನಿಂತು ಪ್ರಗತಿ ಹೇಳಬೇಕಿತ್ತು. ತಪ್ಪು ನಡೆದಿದೆ ಎಂದು ಬರಹದಲ್ಲಿ ಒಪ್ಪಿಕೊಂಡ ಕಾಗದ ದಾಖಲಾದ ಮೇಲೆ ಸುಮ್ಮನಿದ್ದರೆ ನಾಳೆ ತಮ್ಮ ಕುತ್ತಿಗೆಗೆ ಬರುತ್ತದೆ ಎಂದರು. ನಂತರ ನನ್ನನ್ನು ಕೇಳಿದರು, “ಈ ಮನುಷ್ಯ ಬರೆದ ಅರ್ಜಿಗಳು ರೆಕಾರ್ಡ್ ರೂಮಿನಲ್ಲಿ ಯಾವುವು ಅಂತ ನಿಮಗೆ ಗೊತ್ತಾಗುತ್ತಾ?”

ಗೊತ್ತಾಗುವುದಿಲ್ಲ ಅನ್ನಬಹುದಿತ್ತು. ಗೊತ್ತಾಗುತ್ತದೆ ಎಂದೆ. ಜಂಬದಿಂದ ಅಲ್ಲ, ಹೆದರಿಕೆಯಿಂದ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎಂಬ ಹೆದರಿಕೆ. ಎರಡು ದಿನ ಧೂಳಿನಲ್ಲಿ ಕೂತು ಒಂದೊಂದೇ ಫೈಲು ಬಿಚ್ಚಿದೆ. ಉದ್ದಕ್ಕೆ ಒಂದು, ಅಡ್ಡಕ್ಕೆ ಮೂರು. ಕೆಲವನ್ನಾದರೂ ಬಿಟ್ಟೆ ಎಂದು ಇಲ್ಲಿ ಬರೆಯಲು ಬಹಳ ಆಸೆಯಾಗುತ್ತಿದೆ. ಬಿಡಲಿಲ್ಲ. ಎಲ್ಲವನ್ನೂ ತೆಗೆದುಕೊಟ್ಟೆ.

ಆ ಫೈಲುಗಳ ಪಗಾರವೆಲ್ಲ ಮರುಪರಿಶೀಲನೆ ಆಗುವವರೆಗೆ ನಿಂತಿತು. ಕಾರ್ಡಿನಲ್ಲಿ ವಯಸ್ಸು ಸರಿ ಇದ್ದವರದೂ ನಿಂತಿತು. ಜನರಿಗೆ ತಿಳಿದದ್ದು ಬ್ಯಾಂಕಿಗೆ ಹೋದಾಗ. ಬ್ಯಾಂಕಿನಿಂದ ಅವರು ಸೀದಾ ಎಲ್ಲಿಗೆ ಬಂದಾರು? ಮುನ್ಶಿಯ ತಗಡಿನ ಕೆಳಗೆ ಬಂದರು, ನಮ್ಮ ಪಗಾರ ನಿಂತದ, ಒಂದು ಅರ್ಜಿ ಬರೀರಿ ಎಂದು. ಮುನ್ಶಿ ಬರೆದರು. ಮೂರು ದಿನ ತಲೆಯೆತ್ತದೆ ಬರೆದರು. ಪ್ರತಿಯೊಂದನ್ನೂ ಓದಿ ಹೇಳಿದರು. ಈ ಸಲ ಯಾರಿಗೂ ಒಳಗೆ ಹೋಗಿ ಅಳು ಎಂದು ಹೇಳಲಿಲ್ಲವಂತೆ.

ನಾಲ್ಕನೆಯ ದಿನ ಬಾಯಿಮಾತಿನ ಆದೇಶ ಬಂತು, ಅವರ ಅಕ್ಷರದ ಅರ್ಜಿ ತೆಗೆದುಕೊಳ್ಳಬೇಡಿ ಎಂದು. ಬಾಯಿಮಾತಿನ ಆದೇಶವನ್ನು ಯಾರಾದರೂ ಬಾಯಿಂದಲೇ ಮುಟ್ಟಿಸಬೇಕಲ್ಲ. ಹೊರಗೆ ಹೋದೆ. ಅವರು ರಿಫಿಲ್ಲು ಉಜ್ಜುತ್ತಿದ್ದರು.

“ಮುನ್ಶೀ, ನೀವು ಬರ್ದಿದ್ದು ಒಳಗ ತಗೊಳ್ಳಂಗಿಲ್ರಿ. ಝೆರಾಕ್ಸ್ ಅಂಗಡ್ಯಾಗ ಟೈಪ್ ಮಾಡಸ್ಲಿ.”

ಅವರು ರಿಫಿಲ್ಲನ್ನು ಪೆನ್ನಿನೊಳಗೆ ಹಾಕಿದರು. ಮುಚ್ಚಳ ಹಾಕಿದರು. “ಅಷ್ಟು ಫೈಲಿನಾಗ ನಂದೇ ಅಂತ ಯಾರು ಗುರ್ತು ಹಿಡದ್ರು?” ಎಂದು ಕೇಳಿದರು.

“ಕಂಪ್ಯೂಟರ್ ಹಿಡೀತದ್ರಿ” ಎಂದೆ.

ನನ್ನ ಮುಖವನ್ನು ನೋಡಿದರು. “ಅದಕ್ಕೂ ನನ್ನ ಅಕ್ಷರ ಓದಾಕ ಬರ್ತದಲ್ಲ” ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಎದ್ದರು. ಸರದಿಯಲ್ಲಿ ಕೂತಿದ್ದ ಮುದುಕಿಯರು ಊಟಕ್ಕೆ ಹೊರಟರೆಂದು ತಿಳಿದು ಅಲ್ಲೇ ಕಾಯುತ್ತ ಕೂತರು.

ಆಮೇಲೆ ಅವರು ಕಚೇರಿಯ ಕಡೆ ಬರಲಿಲ್ಲ. ಹಳ್ಳಿ ಹಳ್ಳಿಗೆ ಹೋಗುತ್ತಾರೆ, ತಾವು ಅರ್ಜಿ ಬರೆದುಕೊಟ್ಟವರ ಮನೆಯ ಮುಂದೆ ನಿಂತು ನನ್ನ ತಪ್ಪಾತು ಅನ್ನುತ್ತಾರೆ ಎಂದು ಜವಾನ ಹೇಳಿದ. ಕೆಲವರು ಕೂರಿಸಿ ಚಹಾ ಕೊಟ್ಟರು. ಕೆಲವರು ಬಾಗಿಲು ಹಾಕಿಕೊಂಡರು. ಒಂದು ಊರಲ್ಲಿ ಒಬ್ಬ ಮುದುಕ ಅವರ ಜುಬ್ಬಾ ಹಿಡಿದು ಜಗ್ಗಿದನಂತೆ. ಮರುಪರಿಶೀಲನೆ ನಡೆದೇ ಇತ್ತು, ಈಗಲೂ ನಡೆದಿದೆ. ಮಂಜೂರಾಗಿ ತಿರುಗಿ ಬಂದವು ಕೆಲವು, ಹಾಗೆ ಬರುವುದರೊಳಗೆ ಕೆಲವರು ತೀರಿಕೊಂಡರು. ನನಗೆ ವರ್ಗವಾಯಿತು. ನಿಜ ಹೇಳಬೇಕೆಂದರೆ ನಾನೇ ಕೇಳಿ ಮಾಡಿಸಿಕೊಂಡೆ.

ಮುನ್ಶಿ ಹೋಗಿ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಖಾಲಾ, ಅಂದರೆ ಅವರ ಹೆಂಡತಿ, ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಎದುರಿಗೆ ನೀಲಮ್ಮ ಕೂತಿದ್ದಳು. ತೊಗರಿ ಆಕೆಯೇ ತಂದದ್ದು, ಕೊಯ್ದ ಹೊಲದಲ್ಲಿ ಉದುರಿದ್ದನ್ನು ಆರಿಸಿ ತಂದದ್ದು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು, ಅರ್ಧಕ್ಕೇ ಕೂತಳು.

“ಏನಾತಬೇ ನಿಂದು?” ಎಂದು ಕೇಳಿದೆ. ಕೇಳಬಾರದಿತ್ತು.

“ಏನ್ ಆಗ್ತದ್ರಿ. ಕಾರ್ಡಿನಾಗ ಅರವತ್ತು ತುಂಬ್ಲಿ, ಹೊಸದಾಗಿ ಹಾಕೋಣ ಅಂದಾರ. ತುಂಬಾಕ ಇನ್ನೂ ಒಂದೂವರಿ ವರ್ಷ ಅದ ಅಂತ. ಅಲ್ಲೀತನಾ ನಾ ಇರಬೇಕಲ್ರಿ.” ಬಿದ್ದಿದ್ದ ಕಾಳೊಂದನ್ನು ಆರಿಸಿ ಮೊರಕ್ಕೆ ಹಾಕಿದಳು.

ಖಾಲಾಗೆ ವಿಧವಾ ವೇತನದ ಅರ್ಜಿ ಹಾಕಬೇಕಿತ್ತು. ಅದಕ್ಕೇ ಹೋಗಿದ್ದೆ. ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಆದರೂ ಮೊದಲು ಕಾಗದದ ಮೇಲೊಂದು ಅರ್ಜಿ ಇರಲೇಬೇಕು. ಆಕೆ ಒಳಗಿನಿಂದ ಮುನ್ಶಿಯ ಹಲಗೆಯನ್ನೂ ಹಾಳೆಗಳನ್ನೂ ತಂದುಕೊಟ್ಟರು. ವಯಸ್ಸು ಎಷ್ಟೆಂದು ನಾನೂ ಕೇಳಲಿಲ್ಲ. “ದೊಡ್ಡ ಬರದಾಗ ನೀವು...” ಎಂದು ಶುರು ಮಾಡಿದೆ.

“ಕಾರ್ಡ್ ನೋಡಿ ಬರೀರಿ” ಎಂದರು ಖಾಲಾ. “ಅದರಾಗ ಇದ್ದಷ್ಟೇ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ.”

ಹಾಳೆ ತೆಗೆದುಕೊಂಡೆ. ಅಷ್ಟು ವರ್ಷ ನೋಡಿ ನೋಡಿ ಕೈಗೆ ಹತ್ತಿದ್ದು. ನನಗೆ ತಿಳಿಯದೆಯೇ ಅದನ್ನು ಉದ್ದಕ್ಕೆ ಒಂದು ಸಲ ಮಡಚಿ, ಅಡ್ಡಕ್ಕೆ ಮಡಚುತ್ತಿದ್ದೆ. ಖಾಲಾ ಕೈ ಚಾಚಿ ತಡೆದರು.

“ಮಡಚಬ್ಯಾಡ್ರಿ ಬೇಟಿ. ಇದೂ ಅವರದೇ ಅಂತ ತಿಳಕೊಂಡು ಬಾಜೂಕ ಇಡ್ತಾರ. ಅವರೇ ಹೇಳಿದ್ರು. ಅಕ್ಷರ ಬೇಕಾದ್ರ ಕಂಪ್ಯೂಟರ್‌ಗಿ ತಿಳೀತಿರಬಹುದು, ಮಡಿಕಿ ತಿಳಿಯಂಗಿಲ್ಲ, ಅದನ್ನ ಗುರ್ತು ಹಿಡಿಯೋರು ಒಳಗ ಒಬ್ಬರೇ ಇದ್ದಾರ ಅಂತ.”

ಆ ಒಬ್ಬರು ಯಾರೆಂದು ಖಾಲಾ ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ನೀಲಮ್ಮ ತೊಗರಿ ಆರಿಸುತ್ತಿದ್ದಳು. ನಾನು ಹಾಳೆಯನ್ನು ಬಿಚ್ಚಿ ಹಲಗೆಯ ಮೇಲಿಟ್ಟು ಅಂಗೈಯಿಂದ ತೀಡಿದೆ, ಮತ್ತೆ ತೀಡಿದೆ. ಮಡಿಕೆ ಹೋಗಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಬೇರೆ ಹಾಳೆ ತೆಗೆದುಕೊಂಡೆ.